ಮೊದಲು ಲೆನ್ಸ್ ಒರೆಸಿ: ಫೋನಿನಲ್ಲಿ ಚಿತ್ರ ತೆಗೆಯುವವರಿಗೆ ಎಂಟು ಸೂತ್ರ

2000ದಲ್ಲಿ ಜಪಾನಿನಲ್ಲಿ ಬಂದ ಶಾರ್ಪ್ ಕಂಪನಿಯ ಕ್ಯಾಮೆರಾ ಫೋನಿನ ಚಿತ್ರದಲ್ಲಿ ಇದ್ದದ್ದು ಸುಮಾರು 1 ಲಕ್ಷ 10 ಸಾವಿರ ಪಿಕ್ಸೆಲ್. ಇವತ್ತು ಸಾಧಾರಣ ಫೋನಿನಲ್ಲೂ ಅದರ ನೂರು ಪಟ್ಟು ಸಿಗುತ್ತದೆ. ಆದರೂ ‘ಒಳ್ಳೇ ಕ್ಯಾಮೆರಾ ತಗೊಂಡ ಮೇಲೆ ಶುರು ಮಾಡ್ತೀನಿ ಸಾರ್’ ಅನ್ನುವವರು ನನಗೆ ಆಗಾಗ ಎದುರಾಗುತ್ತಾರೆ. ಇದನ್ನು ಬರೆದದ್ದು ಅವರಿಗಾಗಿ. ಫೋನಿಗೆ ಅದರದೇ ಗುಣವಿದೆ, ಅದರದೇ ಮಿತಿಯಿದೆ. ಎರಡನ್ನೂ ಒಪ್ಪಿಕೊಂಡು ದುಡಿದ ಕಲಾವಿದರಿಂದ ಕಲಿಯುವುದು ಬೇಕಾದಷ್ಟಿದೆ.

1. ಲೆನ್ಸ್ ಒರೆಸಿ

ಜೇಬಿನ ಧೂಳು, ಕೈಬೆವರು, ದೋಸೆ ತಿಂದ ಬೆರಳಿನ ಎಣ್ಣೆ, ಎಲ್ಲವೂ ಆ ಪುಟ್ಟ ಗಾಜಿನ ಮೇಲೆ ಕೂತಿರುತ್ತವೆ. ಬೀದಿದೀಪದಿಂದ ಬೆಳಕು ಗೆರೆಗೆರೆಯಾಗಿ ಚೆಲ್ಲಿದಂತೆ ಕಂಡರೆ ಫೋನನ್ನು ಬೈಯಬೇಡಿ. ಮೆತ್ತನೆಯ ಹತ್ತಿ ಬಟ್ಟೆ ಸಾಕು.

2. ಕೈಯಲ್ಲಿರುವುದರಿಂದಲೇ ಹೊರಡಿ

2011ರಲ್ಲಿ ಲಿಬಿಯಾದ ದಂಗೆಯನ್ನು ಚಿತ್ರಿಸಲು ಹೋದ ಅಮೆರಿಕದ ಮೈಕೆಲ್ ಕ್ರಿಸ್ಟೋಫರ್ ಬ್ರೌನ್ ಅವರ ಕ್ಯಾಮೆರಾ ಕೆಳಗೆ ಬಿದ್ದು ಕೆಟ್ಟಿತು. ಅವರು ವಾಪಸು ಬರಲಿಲ್ಲ, ಐಫೋನ್ ಎತ್ತಿಕೊಂಡರು. ಆ ಚಿತ್ರಗಳು 2016ರಲ್ಲಿ ‘ಲಿಬಿಯನ್ ಶುಗರ್’ ಎಂಬ ಪುಸ್ತಕವಾದವು. ಅದೇ ವರ್ಷ ಪ್ಯಾರಿಸ್ ಫೋಟೋ–ಅಪರ್ಚರ್ ಪ್ರಶಸ್ತಿಗಳಲ್ಲಿ ಮೊದಲ ಛಾಯಾಪುಸ್ತಕಕ್ಕೆ ಕೊಡುವ ಬಹುಮಾನ ಅದಕ್ಕೆ ಸಿಕ್ಕಿತು. ಒಳ್ಳೆಯ ಸಲಕರಣೆ ಬರಲಿ ಎಂದು ಕಾದಿದ್ದರೆ ಆ ಪುಸ್ತಕವೇ ಇರುತ್ತಿರಲಿಲ್ಲ.

3. ವಸ್ತುವಿನ ಹತ್ತಿರ ಹೋಗಿ, ಮುಖದಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿ

ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಮುಖಕ್ಕೆ ತೀರಾ ಹತ್ತಿರ ಹಿಡಿದರೆ ಮೂಗು ದಪ್ಪವಾಗಿ ಕಿವಿ ಹಿಂದೆ ಸರಿಯುತ್ತದೆ. ಆದ್ದರಿಂದ ಹಿಂದೆ ನಿಲ್ಲಿ, ಎರಡು ಪಟ್ಟು ಲೆನ್ಸ್ ಇದ್ದರೆ ಅದನ್ನೇ ಬಳಸಿ. ವಸ್ತು ದೂರವಿದ್ದರೆ ನೀವೇ ಹತ್ತಿರ ಹೋಗಿ, ಬೆರಳಿನಲ್ಲಿ ಹಿಗ್ಗಿಸುವ ಜೂಮ್ ಮಾತ್ರ ಬೇಡ. ಅಲ್ಲಿ ಫೋನು ಮಾಡುವುದು ಬಹುಪಾಲು ಕತ್ತರಿ ಕೆಲಸ. ಪೋರ್ಟ್ರೇಟ್ ಮೋಡ್ ಕೂಡ ಹುಷಾರು. ಹಿಂದಿನ ಮಸುಕನ್ನು ಅದು ಲೆಕ್ಕ ಹಾಕಿ ಹುಟ್ಟಿಸುತ್ತದೆ. ಒಂದು ಮದುವೆಮನೆಯಲ್ಲಿ ನಾನು ತೆಗೆದ ಚಿತ್ರದಲ್ಲಿ ವಧುವಿನ ಮಲ್ಲಿಗೆ ದಂಡೆಯ ಅಂಚನ್ನೂ ಕಿವಿಯ ಬಳಿ ಹಾರುತ್ತಿದ್ದ ಕೂದಲನ್ನೂ ಅದು ನುಂಗಿ ಹಾಕಿತ್ತು. ಆ ಕೂದಲೇ ಚಿತ್ರದ ಜೀವವಾಗಿತ್ತು.

4. ಕತ್ತಲನ್ನು ಕತ್ತಲಾಗಿಯೇ ಬಿಡಿ

ಎಂಟರಲ್ಲಿ ಒಂದೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಫೋನಿಗೆ ಕತ್ತಲೆಂದರೆ ಆಗದು. ಹಲವು ಚಿತ್ರಗಳನ್ನು ಒಟ್ಟಿಗೆ ತೆಗೆದು, ಬೆರೆಸಿ, ಮೂಲೆಮೂಲೆಯನ್ನೂ ಬೆಳಗಿಸುತ್ತದೆ. ಎಲ್ಲವೂ ಕಾಣುತ್ತದೆ, ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಊರಿನಲ್ಲಿ ಅಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಹಲಸಿನ ಹಣ್ಣು ಬಿಡಿಸುತ್ತಿದ್ದರು. ಮೇಣ ಅಂಟದಿರಲೆಂದು ಕೈಗೆ ಕೊಬ್ಬರಿ ಎಣ್ಣೆ. ಹಳೆಯ ಅಡುಗೆಮನೆ, ಒಂದೇ ಒಂದು ಕಿಟಕಿ, ಹೊಗೆ ಹಿಡಿದ ಗೋಡೆ. ಮೊದಲು ತೆಗೆದ ಚಿತ್ರದಲ್ಲಿ ಗೋಡೆಯ ಪ್ಲಾಸ್ಟಿಕ್ ಡಬ್ಬಿ, ಸಿಲಿಂಡರ್, ಬಕೆಟ್ಟು ಎಲ್ಲವೂ ಫಳಫಳ. ಅಮ್ಮನ ಕೈ ಮಾತ್ರ ಸಪ್ಪೆ. ಆಮೇಲೆ ಪರದೆಯ ಮೇಲೆ ಕಿಟಕಿಯ ಬೆಳಕು ಬಿದ್ದಿದ್ದ ತೊಳೆಯ ಜಾಗವನ್ನು ಒತ್ತಿ ಹಿಡಿದೆ, ಪಕ್ಕದಲ್ಲಿ ಮೂಡಿದ ಸೂರ್ಯನ ಗುರುತನ್ನು ನಿಧಾನವಾಗಿ ಕೆಳಗೆ ಎಳೆದೆ. ಡಬ್ಬಿ ಹೋಯಿತು, ಬಕೆಟ್ಟು ಹೋಯಿತು. ಕತ್ತಲಲ್ಲಿ ಉಳಿದದ್ದು ಹೊಂಬಣ್ಣದ ತೊಳೆ, ಎಣ್ಣೆ ಹಚ್ಚಿದ ಎರಡು ಕೈ, ಕತ್ತಿಯ ಬೆನ್ನಿನ ಒಂದು ಗೆರೆ ಬೆಳಕು.

ಬಹುತೇಕ ಫೋನುಗಳಲ್ಲಿ ಈ ಸೌಲಭ್ಯವಿದೆ. ಚಿತ್ರದಲ್ಲಿ ಏನು ಕಾಣಬಾರದು ಎಂದು ಹೇಳುವ ಹಕ್ಕನ್ನು ಫೋನಿಗೆ ಬಿಟ್ಟುಕೊಡಬೇಡಿ.

5. ಎದುರಿಗಿರುವವರನ್ನು ಹಗುರಾಗಿಸಿ

ದೊಡ್ಡ ಕ್ಯಾಮೆರಾ ಕಂಡೊಡನೆ ಜನ ಸೆರಗು ಸರಿಪಡಿಸಿಕೊಂಡು ನೆಟ್ಟಗಾಗುತ್ತಾರೆ. ಫೋನಿಗೆ ಆ ಬಿಗುವಿಲ್ಲ. ಬ್ರೆಜಿಲಿನ ಲುಯಿಸಾ ಡೋರ್ 2017ರಲ್ಲಿ ‘ಟೈಮ್’ ಪತ್ರಿಕೆಯ ‘ಫಸ್ಟ್ಸ್’ ಸರಣಿಗಾಗಿ ಓಪ್ರಾ ವಿನ್‌ಫ್ರೇ, ಸೆರೆನಾ ವಿಲಿಯಮ್ಸ್, ಹಿಲರಿ ಕ್ಲಿಂಟನ್ ಸೇರಿ 46 ಮಹಿಳೆಯರ ಭಾವಚಿತ್ರಗಳನ್ನು ಐಫೋನಿನಲ್ಲೇ ತೆಗೆದರು. ಅವುಗಳಲ್ಲಿ 12 ಮುಖಪುಟಕ್ಕೇರಿದವು. ಹೆಚ್ಚಾಗಿ ಅವರು ನೆಚ್ಚಿಕೊಂಡದ್ದು ಸಹಜ ಬೆಳಕನ್ನು. ಆ ಮುಖಗಳನ್ನು ನೋಡಿ: ಕ್ಯಾಮೆರಾ ಎದುರು ಕೂತವರ ಹಾಗಿಲ್ಲ, ಮನುಷ್ಯರೊಬ್ಬರ ಎದುರು ಕೂತವರ ಹಾಗಿದ್ದಾರೆ.

ಫೋನು ಸಣ್ಣದೆಂದು ಕದ್ದು ತೆಗೆಯಬೇಡಿ. ಮೊದಲು ಮಾತಾಡಿಸಿ, ಕೇಳಿ, ತೆಗೆದ ಮೇಲೆ ತೋರಿಸಿ. ಬೇಡ ಅಂದರೆ ಅವರೆದುರಿಗೇ ಅಳಿಸಿ.

6. ಸುದ್ದಿಯ ಆಚೆ ನೋಡಿ

2012ರಲ್ಲಿ ಪೀಟರ್ ಡಿಕಾಂಪೊ ಮತ್ತು ಆಸ್ಟಿನ್ ಮೆರಿಲ್ ಚುನಾವಣೋತ್ತರ ಹಿಂಸೆಯ ಪರಿಣಾಮ ವರದಿ ಮಾಡಲು ಐವರಿ ಕೋಸ್ಟ್‌ಗೆ ಹೋಗಿದ್ದರು. ವರದಿಗೆ ಬೇಕಾದದ್ದು ಸಂಕಟದ ಚಿತ್ರ. ಆದರೆ ಕಣ್ಣೆದುರು ಇದ್ದದ್ದು ಕೆಲಸಕ್ಕೆ ಹೋಗುವ, ನಗುವ, ಬೇಸರಪಡುವ ಜನ. ಅದನ್ನು ಅವರು ಫೋನಿನಲ್ಲಿ ತೆಗೆಯತೊಡಗಿದರು. ‘ಎವೆರಿಡೇ ಆಫ್ರಿಕಾ’ ಎಂಬ ಚಿತ್ರಯೋಜನೆ ಹುಟ್ಟಿದ್ದು ಹೀಗೆ. ಆಮೇಲೆ ಅದೇ ಹಾದಿಯಲ್ಲಿ ಬೇರೆ ಬೇರೆ ನಾಡುಗಳವರು ತಮ್ಮ ದಿನನಿತ್ಯವನ್ನು ತಾವೇ ಚಿತ್ರಿಸಿದರು.

ನಿಮ್ಮ ಬಸ್‌ಸ್ಟ್ಯಾಂಡು, ಗಿರಣಿ, ಸಂತೆಯ ದಿನದ ಸಂಜೆ: ಒಂದನ್ನು ಆರಿಸಿಕೊಂಡು ಮೂರು ತಿಂಗಳು ಅಲ್ಲಿಗೇ ಹೋಗಿ. ಹತ್ತನೇ ಸಲ ಹೋದಾಗ ಕಾಣುವುದು ಮೊದಲ ಸಲ ಕಂಡಿರುವುದಿಲ್ಲ.

7. ಫಿಲ್ಟರ್ ಹಾಕುವ ಮುಂಚೆ ಒಂದು ಪ್ರಶ್ನೆ

‘ನ್ಯೂಯಾರ್ಕ್ ಟೈಮ್ಸ್’ನ ಡೇಮನ್ ವಿಂಟರ್ 2010ರಲ್ಲಿ ಅಫ್ಗಾನಿಸ್ತಾನದ ಅಮೆರಿಕನ್ ಸೈನಿಕರನ್ನು ಹಿಪ್‌ಸ್ಟಮ್ಯಾಟಿಕ್ ಎಂಬ ಫಿಲ್ಟರ್ ಆ್ಯಪ್ ಬಳಸಿ ಫೋನಿನಲ್ಲಿ ಚಿತ್ರಿಸಿದರು. ಮರುವರ್ಷ ದೊಡ್ಡ ಸ್ಪರ್ಧೆಯೊಂದರಲ್ಲಿ ಆ ಚಿತ್ರಗಳಿಗೆ ಮೂರನೇ ಬಹುಮಾನ ಬಂದಾಗ ವಾದ ಎದ್ದಿತು: ಬಣ್ಣವನ್ನು ಆ್ಯಪ್ ನಿರ್ಧರಿಸಿದರೆ ಅದು ಪತ್ರಿಕಾ ಛಾಯಾಗ್ರಹಣವೇ? ನನ್ನ ಮಟ್ಟಿಗೆ ಉತ್ತರ ಸರಳ. ಸುದ್ದಿಯೆಂದು ಕೊಡುವಾಗ ಕಂಡದ್ದನ್ನು ಕಂಡಂತೆ ಕೊಡಿ. ಕಲೆಯೆಂದು ಕೊಡುವಾಗ ಈ ಬಣ್ಣ ಏಕೆ ಬೇಕು ಎಂದು ನಿಮಗೆ ಹೇಳಲು ಬರಬೇಕು. ಬರದಿದ್ದರೆ ತೆಗೆದುಬಿಡಿ.

8. ಆರಿಸಿ, ಅಚ್ಚು ಹಾಕಿಸಿ

ವಾರಕ್ಕೊಮ್ಮೆ ಕೂತು ಇನ್ನೂರರಲ್ಲಿ ಐದನ್ನು ಉಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗಿ ಸೊರಗುತ್ತದೆ. ಫೋನ್ ಚಿತ್ರ ಕಾಗದಕ್ಕೆ ಒಗ್ಗದು ಎಂಬ ಭಯ ಬಿಡಿ. 2012ರ ಸ್ಯಾಂಡಿ ಚಂಡಮಾರುತದ ವೇಳೆ ಛಾಯಾಗ್ರಾಹಕ ಬೆನ್ ಲೋವಿ ಐಫೋನಿನಲ್ಲಿ ತೆಗೆದ ಅಲೆಯ ಚಿತ್ರ ‘ಟೈಮ್’ ಮುಖಪುಟದಲ್ಲೇ ಬಂತು. ಇಂದಿನ 12 ಮೆಗಾಪಿಕ್ಸೆಲ್ ಚಿತ್ರದ ಅಳತೆ ಸುಮಾರು 4000ಕ್ಕೆ 3000 ಪಿಕ್ಸೆಲ್. ಇಂಚಿಗೆ 300ರಂತೆ ಅಚ್ಚು ಹಾಕಿಸಿದರೂ 13ಕ್ಕೆ 10 ಇಂಚು ನಿರಾಳವಾಗಿ ಬರುತ್ತದೆ.

ಹಲಸಿನ ಹಣ್ಣಿನ ಆ ಚಿತ್ರವನ್ನು ಅದೇ ಅಳತೆಗೆ ಅಚ್ಚು ಹಾಕಿಸಿ ಊರಿಗೆ ಒಯ್ದೆ. ಅಮ್ಮ ಕಿಟಕಿಯ ಹತ್ತಿರ ಹಿಡಿದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. ‘ಕೈಯ ಎಣ್ಣೆ ಮಿಂಚೋದೂ ಕಾಣ್ತದಲ್ಲ ಮಾರಾಯ’ ಎಂದು ತಮ್ಮ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು.