ಕುಮಟಗಿಯ ಜಲಮಂಟಪಗಳು: ಒಂದು ದಿನದ ಪ್ರವಾಸ ಪಾಠ



ಜತ್ತ ತಾಲೂಕಿನಿಂದ ವಿಜಯಪುರಕ್ಕೆ ಪ್ರವಾಸ ಹೋಗಿ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ಗೋಲಗುಮ್ಮಟ ಹತ್ತಿ, ಕೂಗಿ, ಪ್ರತಿಧ್ವನಿ ಕೇಳಿ ಸಂತೋಷಪಟ್ಟು ಬಂದಿರುತ್ತೀರಿ. ಆದರೆ ಗೋಲಗುಮ್ಮಟ 1656ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಹನ ಸಮಾಧಿ. ಬದುಕಿದ್ದಾಗ ಆ ಮನೆತನದವರು ದಣಿವಾರಿಸಿಕೊಳ್ಳಲು ಹೋಗುತ್ತಿದ್ದುದು ಎಲ್ಲಿಗೆ? ಅದನ್ನು ನೋಡಲು ಬುತ್ತಿ ಕಟ್ಟಿಕೊಂಡು ಇನ್ನೊಂದು ದಿನ ಹೋಗಬೇಕು.

ಮೊದಲು ನಗರದ ಪಶ್ಚಿಮಕ್ಕಿರುವ ತೊರವೆಗೆ ಹೋಗೋಣ. ಕುಮಾರ ವಾಲ್ಮೀಕಿಯು ರಾಮಾಯಣ ಬರೆದು ಇಲ್ಲಿಯ ನರಸಿಂಹನಿಗೆ ಅರ್ಪಿಸಿದ್ದರಿಂದ ಕನ್ನಡಿಗರಿಗೆ ಈ ಊರು ಪರಿಚಿತ. ಇದರ ಬಳಿಯಲ್ಲೇ ಎರಡನೆಯ ಇಬ್ರಾಹಿಂ ಆದಿಲಶಹನು 1599ರಲ್ಲಿ ನವರಸಪುರವೆಂಬ ಹೊಸ ಪಟ್ಟಣ ಕಟ್ಟಿಸತೊಡಗಿದನು. ಸಂಗೀತಪ್ರಿಯನಾದ ಆತನು ತನ್ನ ಹಾಡುಗಳಲ್ಲಿ ಸರಸ್ವತಿಯನ್ನು ಸ್ತುತಿಸಿದವನು. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಆ ಪಟ್ಟಣವನ್ನು ಹಾಳುಗೆಡವಿತು. ಉಳಿದಿರುವ ಸಂಗೀತ ಮಹಲಿನ ದೊಡ್ಡ ಕಮಾನು ಇಂದಿಗೂ ಅದರ ವೈಭವವನ್ನು ಹೇಳುತ್ತದೆ.

ಅಲ್ಲಿಂದ ನಗರ ದಾಟಿ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ಕುಮಟಗಿ. ಇದು ಆದಿಲಶಾಹಿಗಳ ಬೇಸಗೆಯ ವಿಹಾರಸ್ಥಾನ. ನೀರಿನ ಹೊಂಡದ ನಡುವೆ ಎರಡಂತಸ್ತಿನ ಮಂಟಪವಿದೆ. ಪಕ್ಕದಲ್ಲಿ ಕೆರೆ. ಆ ಕೆರೆಯ ನೀರನ್ನು ಎತ್ತರದ ತೊಟ್ಟಿಗಳಿಗೆ ಏರಿಸಿ, ಕೊಳವೆಗಳ ಮೂಲಕ ಮಂಟಪಗಳಿಗೆ ಹರಿಸುತ್ತಿದ್ದರು. ಕಾರಂಜಿಗಳು ಚಿಮ್ಮುತ್ತಿದ್ದವು, ಚಾವಣಿಯ ರಂಧ್ರಗಳಿಂದ ನೀರು ತುಂತುರು ಮಳೆಯಂತೆ ಸುರಿಯುತ್ತಿತ್ತು. ವಿದ್ಯುಚ್ಛಕ್ತಿಯಿಲ್ಲದ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು? ಎತ್ತರದಲ್ಲಿ ನಿಂತ ನೀರಿಗೆ ಕೆಳಗೆ ಒತ್ತಡವಿರುತ್ತದೆ ಎಂಬ, ನೀವು ವಿಜ್ಞಾನದಲ್ಲಿ ಓದಿದ ನಿಯಮವೇ ಇದಕ್ಕೆ ಕಾರಣ.

ನಮ್ಮಂತೆಯೇ ಆ ನಾಡೂ ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಆದ್ದರಿಂದ ಅಲ್ಲಿ ಉದ್ಯಾನವೆಂದರೆ ಮೊದಲು ಕೆರೆ, ಆಮೇಲೆ ಕಾಲುವೆ, ಕೊನೆಗೆ ಹೂವು. ರಾಜಧಾನಿಗೂ ತೊರವೆಯ ಕಡೆಯಿಂದ ನೀರು ತಂದಿದ್ದರು. 1651ರಲ್ಲಿ ಬೇಗಂ ತಲಾಬ ಕಟ್ಟಿಸಿ, ಅದರ ನೀರನ್ನು ಮಣ್ಣಿನ ಕೊಳವೆಗಳಲ್ಲಿ ಪಟ್ಟಣಕ್ಕೆ ಹರಿಸಿದರು. ಒಂದು ಕೊಡ ನೀರಿಗಾಗಿ ತಾಯಂದಿರು ಮೈಲು ನಡೆದುದನ್ನು ಕಂಡ ನಾವು ಅರಮನೆಯ ಕಾರಂಜಿಗೆ ಬೆರಗಾಗಿ ಸುಮ್ಮನಾಗಬಾರದು. ಮಳೆಯ ನೀರನ್ನು ಹಿಡಿದಿಟ್ಟ ಆ ಜಾಣ್ಮೆಯನ್ನು ಅರಿಯಬೇಕು. ಅರಸರ ಆಟಕ್ಕೆ ಒದಗಿದ ಆ ಜಾಣ್ಮೆ ನಮ್ಮ ಹೊಲಕ್ಕೂ ಮನೆಗೂ ಒದಗಬೇಕು.

1686ರಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದನು, ಆದಿಲಶಾಹಿ ಮುಗಿಯಿತು. ಕಾರಂಜಿಗಳು ಇಂದು ಒಣಗಿವೆ. ಗೋಡೆಗಳ ಮೇಲೆ ಕುದುರೆಯೇರಿ ಪೋಲೋ ಆಡುವವರು, ಕುಸ್ತಿಪಟುಗಳು, ಯುರೋಪಿನ ಉಡುಪಿನವರು ಮಸುಕಾಗಿ ಕಾಣುತ್ತಾರೆ. ಆ ಚಿತ್ರಗಳನ್ನು ಕಣ್ಣಿನಿಂದ ನೋಡಿರಿ, ಕೈಯಿಂದಲ್ಲ. ಮೊಳೆಯಿಂದ ಕೊರೆದ ಹೆಸರು ಕೊರೆದವನ ಕೀರ್ತಿಯನ್ನು ಹೆಚ್ಚಿಸುವುದಿಲ್ಲ. ಶತಮಾನಗಳು ಬಾಳಿದ ಬಣ್ಣವನ್ನು ಮಾತ್ರ ಅಳಿಸುತ್ತದೆ.

ಅಭ್ಯಾಸ:

1. ಡಬ್ಬಿಯೊಂದರ ತಳಕ್ಕೆ ರಬ್ಬರ್ ನಳಿಗೆ ಜೋಡಿಸಿ ನೀರು ತುಂಬಿರಿ. ನಳಿಗೆಯ ತುದಿಯನ್ನು ಮೇಲ್ಮುಖವಾಗಿ ನೆಲದ ಬಳಿ ಹಿಡಿದು, ಡಬ್ಬಿಯನ್ನು ಮೊದಲು ಕಟ್ಟೆಯ ಮೇಲೆ, ಆಮೇಲೆ ಮಾಳಿಗೆಯ ಮೇಲೆ ಇಡಿರಿ. ನೀರು ಯಾವಾಗ ಹೆಚ್ಚು ಎತ್ತರಕ್ಕೆ ಚಿಮ್ಮುತ್ತದೆ?

2. ನಿಮ್ಮ ಊರಿನ ಕೆರೆ ಅಥವಾ ಹಳೆಯ ಬಾವಿಯನ್ನು ಯಾರು, ಯಾವಾಗ ಕಟ್ಟಿಸಿದರೆಂದು ಹಿರಿಯರನ್ನು ಕೇಳಿ ಒಂದು ಪುಟ ಬರೆಯಿರಿ. ಅದರ ಹೂಳು ತೆಗೆದು ಎಷ್ಟು ವರ್ಷವಾಯಿತೆಂಬುದನ್ನೂ ಕೇಳಲು ಮರೆಯಬೇಡಿರಿ.