ನಿಯಮ ಬರೆಯುವ ಕೈಗಳಿಗೆ

ಮಕ್ಕಳೇ,

ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘ ಕಟ್ಟಲು ಹೊರಟಿದ್ದೀರಿ, ಅದರ ಬೈಲಾ ಬರೆಯಲು ಕೂತಿದ್ದೀರಿ ಎಂದು ತಿಳಿದು ತುಂಬಾ ಸಂತೋಷವಾಯಿತು. ಕರ್ನಾಟಕದ ಕಾಲೇಜುಗಳಲ್ಲಿ ಚುನಾವಣೆ ನಿಂತು ದಶಕಗಳೇ ಕಳೆದವು. ಮತ್ತೆ ತರಬೇಕೆಂಬ ಮಾತು ಆಗಾಗ ಏಳುತ್ತದೆ, ತಣ್ಣಗಾಗುತ್ತದೆ. ಅದು ಬರಲಿ, ಬಿಡಲಿ, ತರಗತಿ ಪ್ರತಿನಿಧಿಗಳಾದ ಸಿಆರ್‌ಗಳೇ ಸೇರಿ ಕಟ್ಟಿದ ಸಂಘವಾದರೂ ಅದಕ್ಕೊಂದು ನಿಯಮ ಬೇಕೇ ಬೇಕು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ಮಾಡುತ್ತಲೇ ತಲೆ ನರೆತವನು ನಾನು. ಆ ಸಲಿಗೆಯಿಂದ ಕೆಲವು ಮಾತು ಹೇಳುತ್ತೇನೆ, ಕೇಳಿಸಿಕೊಳ್ಳಿ.

ನಿಮ್ಮ ಕರಡಿನ ಮೊದಲ ಸಾಲಿನಲ್ಲೇ ಜಾತಿ, ಧರ್ಮ, ಲಿಂಗದ ಭೇದವಿಲ್ಲದೆ ಎಲ್ಲರಿಗೂ ಸಮಾನ ಅವಕಾಶ ಎಂದಿದೆ. ಒಳ್ಳೆಯದು. ಆದರೆ ಅದಕ್ಕಿಂತ ಸ್ವಲ್ಪ ಕೆಳಗೆ, ಸ್ಪರ್ಧಿಸುವವರಿಗೆ ಶೇ 75 ಹಾಜರಿ ಇರಬೇಕು, ಬ್ಯಾಕ್‌ಲಾಗ್ ಇರಬಾರದು ಎಂದೂ ಬರೆದಿದ್ದೀರಿ. ಇದು ನೀವು ಹುಟ್ಟಿಸಿದ ನಿಯಮವಲ್ಲ. ವಿದ್ಯಾರ್ಥಿ ಸಂಘಗಳ ಚುನಾವಣೆಯ ಬಗ್ಗೆ ಜೆ.ಎಂ. ಲಿಂಗ್ಡೊ ಸಮಿತಿ ಶಿಫಾರಸು ಮಾಡಿದ್ದು, 2006ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿ ಜಾರಿಗೆ ತರಲು ಹೇಳಿದ್ದು. ಆ ಸಮಿತಿಯ ಕಾಳಜಿ ದೊಡ್ಡದು. ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಅಚ್ಚು ಹಾಕಿಸಿದ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದೇ ಸಾಕು ಎಂದದ್ದು ಬಡವರ ಮಕ್ಕಳಿಗೆ ನಿಜವಾದ ಉಪಕಾರ.

ಹಾಜರಿ ಮತ್ತು ಬ್ಯಾಕ್‌ಲಾಗ್‌ನ ಮಾತು ಬೇರೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಬಿ.ಎಸ್ಸಿ.ಗೆ ಬಂದ ವರ್ಷವೇ ಇಂಗ್ಲಿಷಿನಲ್ಲಿ ರಸಾಯನಶಾಸ್ತ್ರ ಬರೆಯಬೇಕು. ಪಾಠ ಅರ್ಥವಾಗಿದ್ದರೂ ಉತ್ತರ ಪತ್ರಿಕೆಯಲ್ಲಿ ವಾಕ್ಯ ಕೂಡುವುದಿಲ್ಲ, ಒಂದು ವಿಷಯ ಉಳಿದುಬಿಡುತ್ತದೆ. ಅವನ ಪಕ್ಕದಲ್ಲಿ ಕೂರುವವನು ರಾತ್ರಿ ಗೋಡೌನ್‌ನಲ್ಲಿ ಪಾರ್ಸೆಲ್ ಕಟ್ಟಿ ಬೆಳಗಿನ ಮೊದಲ ಪೀರಿಯಡ್ ತಪ್ಪಿಸಿಕೊಳ್ಳುವವನು. ಕಾಲೇಜಿನ ದಾಖಲೆಯಲ್ಲಿ ಇಬ್ಬರ ಹೆಸರಿನ ಮುಂದೆಯೂ ಕೆಂಪು ಗೆರೆ. ಸಂಘ ಯಾರ ದನಿಯಾಗಬೇಕೋ ಅವರೇ ನಾಮಪತ್ರದ ಹಂತದಲ್ಲಿ ಹೊರಗುಳಿಯುತ್ತಾರೆ. ಅವರ ಜಾತಿಯನ್ನು ಯಾರೂ ಕೇಳಲಿಲ್ಲ, ನಿಯಮವೂ ಎಲ್ಲರಿಗೂ ಒಂದೇ. ಆದರೂ ಹೊರಗುಳಿದವರ ಪಟ್ಟಿ ಮಾಡಿ ನೋಡಿ, ಯಾವ ಮನೆಗಳ ಮಕ್ಕಳೆಂದು ನಿಮಗೇ ಗೊತ್ತಾಗುತ್ತದೆ. ಚುನಾವಣೆಗೆ ನಿಲ್ಲುವವರ ವಿಷಯದಲ್ಲಿ ಆ ನಿಯಮವನ್ನು ನೀವು ಮೀರಲಾರಿರಿ, ಸರಿ. ಹಾಸ್ಟೆಲ್ ಸಮಿತಿ, ಗ್ರಂಥಾಲಯ ಸಮಿತಿ, ಕುಂದುಕೊರತೆ ಸಮಿತಿಗಳಿಗೂ ಅದನ್ನೇ ಎಳೆದು ತರಬೇಡಿ. ಬ್ಯಾಕ್‌ಲಾಗ್ ಇರುವವನಿಗೇ ಗ್ರಂಥಾಲಯದ ಕಷ್ಟ ಹೆಚ್ಚು ಗೊತ್ತು.

ಇನ್ನು ಮೀಸಲು ಸ್ಥಾನದ ಮಾತು. ಮಹಿಳಾ ಪ್ರತಿನಿಧಿ ಎಂದು ಒಂದು ಸ್ಥಾನ ಇಟ್ಟಿದ್ದೀರಿ. ನಾನು ಕಂಡ ಎಷ್ಟೋ ಕಾಲೇಜುಗಳಲ್ಲಿ ಆ ಸ್ಥಾನಕ್ಕೆ ಬಂದ ಹುಡುಗಿಗೆ ಸಿಕ್ಕ ಕೆಲಸ ಎರಡೇ: ರಂಗೋಲಿ ಸ್ಪರ್ಧೆ ನಡೆಸುವುದು, ಯೂನಿಯನ್ ಡೇ ದಿನ ಹಾರ-ತುರಾಯಿಯ ತಟ್ಟೆ ಹಿಡಿದು ವೇದಿಕೆಯ ಬದಿಯಲ್ಲಿ ನಿಲ್ಲುವುದು. ಹಣದ ಲೆಕ್ಕ ಕಾರ್ಯದರ್ಶಿಯ ಬಳಿ, ನಿರ್ಣಯ ಅಧ್ಯಕ್ಷರ ಬಳಿ. ಅಂಥ ಕುರ್ಚಿಯಿಂದ ಅವಳಿಗೂ ಪ್ರಯೋಜನವಿಲ್ಲ, ಉಳಿದ ಹುಡುಗಿಯರಿಗೂ ಇಲ್ಲ. ನಮ್ಮ ರಾಜ್ಯ ಈ ಪಾಠವನ್ನು ಪಂಚಾಯಿತಿಗಳಲ್ಲಿ ಕಲಿತಿದೆ. 1983ರ ಕಾಯಿದೆಯಂತೆ 1987ರಲ್ಲಿ ಚುನಾವಣೆ ನಡೆದಾಗ ಮಹಿಳೆಯರಿಗೆ ಶೇ 25 ಸ್ಥಾನ ಇತ್ತು. ಪಂಚಾಯಿತಿಗಳಲ್ಲಿ ಮಹಿಳಾ ಮೀಸಲನ್ನು ದೇಶಕ್ಕೆಲ್ಲ ತಂದ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಅದಾದ ಮೇಲೆ. 2010ರಲ್ಲಿ ನಮ್ಮಲ್ಲಿ ಮಹಿಳೆಯರ ಪಾಲು ಅರ್ಧಕ್ಕೆ ಏರಿತು. ಹೆಂಡತಿಯ ಹೆಸರಿನಲ್ಲಿ ಗಂಡ ದರ್ಬಾರು ನಡೆಸಿದ್ದು ಎಲ್ಲರೂ ಕಂಡ ಸಂಗತಿ. ಆದರೆ ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಅಧ್ಯಕ್ಷೆಯ ಕೈಗೇ ಬಂದ ಕಡೆ, ಮತ್ತು ಸಭೆಯಲ್ಲಿ ಅವಳ ಜೊತೆ ಇನ್ನೂ ಹತ್ತು ಹೆಂಗಸರು ಕೂತ ಕಡೆ, ಕ್ರಮೇಣ ಮಾತು ಹೊರಟಿತು. ಆದ್ದರಿಂದ ಒಬ್ಬಳನ್ನೇ ತಂದು ಕೂರಿಸಬೇಡಿ, ಕನಿಷ್ಠ ಮೂವರಿರಲಿ. ಖಜಾಂಚಿಯ ಸ್ಥಾನವನ್ನೂ ಸರದಿಯಲ್ಲಿ ಮೀಸಲಿಡಿ.

ಮೀಸಲು ಸ್ಥಾನಗಳಿಗೆ ಆರಿಸುವವರು ಯಾರು? ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು, ನಿಮ್ಮ ಕರಡು ಇದನ್ನು ಮುಟ್ಟಿಯೇ ಇಲ್ಲ. 1932ರ ಪೂನಾ ಒಪ್ಪಂದವನ್ನು ಪರೀಕ್ಷೆಗೆಂದು ಓದಿರುತ್ತೀರಿ, ನಿಯಮ ಬರೆಯುವವರಾಗಿ ಇನ್ನೊಮ್ಮೆ ಓದಿ. ಬ್ರಿಟಿಷರ ತೀರ್ಪಿನಲ್ಲಿ ದಲಿತರಿಗೆ ಪ್ರಾಂತೀಯ ಶಾಸನಸಭೆಗಳಲ್ಲಿ 71 ಸ್ಥಾನ, ಅವಕ್ಕೆ ಅವರದೇ ಪ್ರತ್ಯೇಕ ಮತ. ಗಾಂಧೀಜಿಯ ಉಪವಾಸದ ನಂತರ ಸ್ಥಾನಗಳು 148ಕ್ಕೆ ಏರಿದವು, ಮತ ಮಾತ್ರ ಎಲ್ಲರದ್ದೂ ಆಯಿತು. ಎಲ್ಲರೂ ಮತ ಹಾಕಿದರೆ ಬಹುಸಂಖ್ಯಾತರಿಗೆ ಹಿತವಾದವನೇ ಗೆದ್ದು ಬರುತ್ತಾನೆ, ತನ್ನವರ ಪರ ಗಟ್ಟಿಯಾಗಿ ಮಾತಾಡುವವನು ಸೋಲುತ್ತಾನೆ ಎಂಬ ಅಂಬೇಡ್ಕರ್ ಅವರ ಆತಂಕ ಕೊನೆಯವರೆಗೂ ತೀರಲಿಲ್ಲ. ಅದಕ್ಕೊಂದು ತಡೆಯಾಗಿ ಒಪ್ಪಂದದಲ್ಲೇ ಒಂದು ಏರ್ಪಾಡಿತ್ತು. ಮೊದಲು ದಲಿತ ಮತದಾರರೇ ನಾಲ್ವರನ್ನು ಆರಿಸುವುದು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಗೆಲ್ಲಿಸುವುದು. ದೇಶ ಆ ಏರ್ಪಾಡನ್ನು ಮುಂದೆ ಕೈಬಿಟ್ಟಿತು. ಒಂದು ಕಾಲೇಜಿನಲ್ಲಿ ಅದನ್ನು ಮಾಡಿ ನೋಡಲು ಅಡ್ಡಿಯೇನಿಲ್ಲ. ಅಂಗವಿಕಲ ವಿದ್ಯಾರ್ಥಿಗಳು, ಪರಿಶಿಷ್ಟ ಜಾತಿ-ಪಂಗಡದ ವಿದ್ಯಾರ್ಥಿಗಳು ಮೊದಲು ತಮ್ಮೊಳಗೆ ಹೆಸರು ಸೂಚಿಸಲಿ, ಆಮೇಲೆ ಎಲ್ಲರ ಮತ. ನನ್ನ ಅಭಿಪ್ರಾಯ ಕೇಳಿದರೆ, ದೂರು ಕೇಳುವ ಸಮಿತಿಯ ಪ್ರತಿನಿಧಿಯನ್ನಂತೂ ಅವರಷ್ಟೇ ಆರಿಸಬೇಕು.

ಇದರಲ್ಲೊಂದು ಅಪಾಯವಿದೆ. ಜಾತಿವಾರು ಮತದಾರರ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಅದೇ ಒಂದು ಅವಮಾನ. ಸಿಇಟಿ ರ‍್ಯಾಂಕ್ ಎಷ್ಟು ಎಂದು ಕೇಳುವ ನೆಪದಲ್ಲಿ ಜಾತಿ ಹುಡುಕುವುದು ಹಾಸ್ಟೆಲ್‌ಗಳಲ್ಲಿ ನಡೆಯುತ್ತಲೇ ಇದೆ, ಆ ಕೆಲಸವನ್ನು ಸಂಘವೇ ಮಾಡಿಕೊಡಬಾರದು. ಹೆಸರು ಕೊಡುವುದು ಅವರವರ ಇಚ್ಛೆಗೆ ಬಿಟ್ಟದ್ದಾಗಿರಲಿ, ಪಟ್ಟಿ ಕಾಲೇಜಿನ ಸಮಾನ ಅವಕಾಶ ಘಟಕದ ಅಧ್ಯಾಪಕರ ಬಳಿಯೇ ಇರಲಿ.

ಸಣ್ಣವೆಂದು ಕಾಣುವ ಮೂರು ಸಂಗತಿ. ಸಭೆಯನ್ನು ಸಂಜೆ ಐದರ ಮೇಲೆ ಕರೆಯಬೇಡಿ, ಹಳ್ಳಿಯ ಹೆಣ್ಣುಮಕ್ಕಳಿಗೆ ಕೊನೆಯ ಬಸ್ಸು ತಪ್ಪುತ್ತದೆ. ನೋಟಿಸಿನ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಸುಮ್ಮನಾಗಬೇಡಿ. ಕಣ್ಣು ಕಾಣದ ಗೆಳೆಯನ ಫೋನು ಟೈಪ್ ಮಾಡಿದ ಅಕ್ಷರವನ್ನು ಸಲೀಸಾಗಿ ಓದಿ ಹೇಳುತ್ತದೆ, ಓರೆಯಾಗಿ ತೆಗೆದ ಚಿತ್ರದ ಮುಂದೆ ತಡವರಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಉನ್ನತ ಶಿಕ್ಷಣದಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ 5ರಷ್ಟು ಸೀಟು ಕೊಟ್ಟಿದೆ. ಮತಗಟ್ಟೆಯನ್ನು ಮೊದಲ ಮಹಡಿಯಲ್ಲಿಟ್ಟರೆ ಆ ಸೀಟಿಗೆ ಬಂದವರು ಮತ ಹಾಕುವುದು ಹೇಗೆ?

ಕೊನೆಗೆ ದೂರಿನ ವಿಷಯ. ಯುಜಿಸಿ 2012ರಲ್ಲಿ ಹೊರಡಿಸಿದ ನಿಯಮಾವಳಿ ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯ ತಡೆಗೊಬ್ಬ ಅಧಿಕಾರಿ ಇರಬೇಕು, ದೂರು 60 ದಿನಗಳೊಳಗೆ ತೀರ್ಮಾನವಾಗಬೇಕು ಎಂದಿತು. ಅದಾಗಿ ನಾಲ್ಕು ವರ್ಷವೂ ತುಂಬುವ ಮೊದಲೇ, 2016ರ ಜನವರಿ 17ರಂದು, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ತಾರತಮ್ಯದ ವಿರುದ್ಧ ದನಿಯೆತ್ತಿದ್ದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಪ್ರಾಣ ಕಳೆದುಕೊಂಡ. ಕಾಗದದ ಮೇಲಿನ ನಿಯಮವನ್ನು ಬೆನ್ನು ಹತ್ತುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಪಕ್ಕದ ರಾಜ್ಯದಲ್ಲೇ ಕಂಡೆವು. ನಿಮ್ಮ ಸಂಘದಲ್ಲಿ ದೂರಿಗೊಂದು ರಿಜಿಸ್ಟರ್ ಇರಲಿ, ಅದರಲ್ಲಿ ದೂರು ಬಂದ ದಿನಾಂಕವನ್ನು ಬರೆದಿಡಿ, ಹೆಸರು ಬೇಡ. ಅರವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ ದೂರು ಕೊಟ್ಟ ಹುಡುಗಿಯನ್ನು ಒಬ್ಬಳನ್ನೇ ಪ್ರಾಂಶುಪಾಲರ ಕೊಠಡಿಗೆ ಕಳಿಸಬೇಡಿ, ಅಧ್ಯಕ್ಷರಿಂದ ಹಿಡಿದು ಸಿಆರ್‌ಗಳವರೆಗೆ ಎಲ್ಲರೂ ಅವಳ ಜೊತೆ ಹೋಗಿ.