ಕ್ರಯವೋ, ಭೋಗ್ಯವೋ? – ಗಣಕಯಂತ್ರದ ಆಟಗಳ ಒಡೆತನ

ಒಂದು ಪುಸ್ತಕವನ್ನು ಹಣ ಕೊಟ್ಟು ಕೊಂಡರೆ ಅದು ನಮ್ಮದಾಗುತ್ತದೆ. ಅದನ್ನು ಹತ್ತು ಸಲ ಓದಬಹುದು. ಓದಿ ಮುಗಿದ ಮೇಲೆ ತಮ್ಮನಿಗೆ ಕೊಡಬಹುದು. ಹಳೆಯ ಪುಸ್ತಕದ ಅಂಗಡಿಗೆ ಮಾರಲೂಬಹುದು. ಅದನ್ನು ಅಚ್ಚು ಹಾಕಿಸಿದ ಪ್ರಕಾಶಕರು ಮರುವರ್ಷವೇ ತಮ್ಮ ವ್ಯಾಪಾರವನ್ನು ನಿಲ್ಲಿಸಿದರೂ ನಮ್ಮ ಕಪಾಟಿನಲ್ಲಿರುವ ಪುಸ್ತಕದ ಅಕ್ಷರಗಳು ಅಳಿಸಿಹೋಗುವುದಿಲ್ಲ. ಇದು ಹೇಳಬೇಕಾಗಿಯೇ ಇಲ್ಲದ ಮಾತೆಂದು ವಾಚಕರಿಗೆ ತೋರಬಹುದು. ಆದರೆ ಗಣಕಯಂತ್ರದ ಆಟಗಳು, ವಿದ್ಯುನ್ಮಾನ ಪುಸ್ತಕಗಳು, ಹಲವು ಬಗೆಯ ತಂತ್ರಾಂಶಗಳು ಇವುಗಳ ವಿಷಯದಲ್ಲಿ ಈ ಮಾತು ಇಂದು ನಿಜವಾಗಿ ಉಳಿದಿಲ್ಲ. ಬೆಲೆ ಕೊಟ್ಟವನ ಕೈಯಲ್ಲಿಯೇ ವಸ್ತುವು ಒಂದು ದಿನ ನಿರ್ಜೀವವಾಗಬಹುದು. ಇದಕ್ಕೆ ಕಾರಣವು ವಿಜ್ಞಾನದಲ್ಲಿ ಎಷ್ಟು ಇದೆ, ವ್ಯಾಪಾರದಲ್ಲಿ ಎಷ್ಟು ಇದೆ ಎಂಬುದನ್ನು ಬೇರೆಬೇರೆಯಾಗಿ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಒಂದು ಆಟದ ಅಂತ್ಯ

ಮೊದಲು ಒಂದು ನಿಜವಾದ ನಿದರ್ಶನವನ್ನು ನೋಡೋಣ. ಫ್ರಾನ್ಸ್ ದೇಶದ ಯೂಬಿಸಾಫ್ಟ್ ಎಂಬ ಕಂಪೆನಿಯು 2014ನೆಯ ಇಸವಿಯ ಡಿಸೆಂಬರಿನಲ್ಲಿ 'ದಿ ಕ್ರೂ' ಎಂಬ ಆಟವನ್ನು ಮಾರಾಟಕ್ಕೆ ತಂದಿತು. ಇದು ಮೋಟಾರು ಕಾರುಗಳ ಪಂದ್ಯದ ಆಟ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಭೂಪಟವನ್ನು ಕಿರಿದುಗೊಳಿಸಿ ರಚಿಸಿದ ರಸ್ತೆಗಳಲ್ಲಿ ಆಟಗಾರನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ಕಾರನ್ನು ಓಡಿಸಬಹುದಾಗಿತ್ತು. ಜೊತೆಗಾರರೊಡನೆ ಆಡಬಹುದು, ಒಬ್ಬನೇ ಆಡಲೂಬಹುದು. ಆದರೆ ಒಬ್ಬನೇ ಆಡುವಾಗಲೂ ಆಟಗಾರನ ಯಂತ್ರವು ಅಂತರಜಾಲದ ಮೂಲಕ ಕಂಪೆನಿಯ ಸರ್ವರಿನೊಡನೆ, ಅಂದರೆ ಎಲ್ಲ ಆಟಗಾರರಿಗೂ ಸೇವೆ ಒದಗಿಸುವ ದೂರದ ಗಣಕಯಂತ್ರದೊಡನೆ, ಸಂಪರ್ಕವನ್ನು ಇಟ್ಟುಕೊಂಡಿರಲೇಬೇಕಾಗಿತ್ತು.

2023ರ ಡಿಸೆಂಬರಿನಲ್ಲಿ ಕಂಪೆನಿಯು ಈ ಆಟದ ಮಾರಾಟವನ್ನು ನಿಲ್ಲಿಸಿತು. 2024ನೆಯ ಮಾರ್ಚ್ 31ರಂದು ಸರ್ವರುಗಳನ್ನು ಮುಚ್ಚಿತು. ಅಂದಿನಿಂದ ಆ ಆಟವು ಯಾರಿಗೂ ಆಡಲು ಬಾರದೆ ಹೋಯಿತು. ಅಂಗಡಿಯಿಂದ ಡಿಸ್ಕನ್ನು ತಂದು ಜೋಪಾನವಾಗಿ ಇಟ್ಟುಕೊಂಡವರಿಗೂ ಅದೇ ಗತಿಯಾಯಿತು. ಡಿಸ್ಕಿನ ಮೇಲಿನ ಬರಹವು ಕೆಟ್ಟಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ, ಸಾವಿರಾರು ಮೈಲಿಗಳಾಚೆಯ ಒಂದು ಯಂತ್ರವು ಉತ್ತರ ಕೊಡುವುದನ್ನು ನಿಲ್ಲಿಸಿತ್ತು, ಅಷ್ಟೆ.

ಪುಸ್ತಕಗಳಿಗೂ ಇಂತಹ ಪ್ರಸಂಗ ಒದಗಿದ್ದುಂಟು. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಕಂಪೆನಿಯು ಜಾರ್ಜ್ ಆರ್ವೆಲನ ಎರಡು ಕಾದಂಬರಿಗಳ ಕೆಲವು ಪ್ರತಿಗಳನ್ನು ಗ್ರಾಹಕರ 'ಕಿಂಡಲ್' ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಅವುಗಳನ್ನು ಮಾರಾಟಕ್ಕೆ ಇಟ್ಟಿದ್ದ ಪ್ರಕಾಶಕರಿಗೆ ಅದಕ್ಕೆ ಹಕ್ಕಿಲ್ಲದುದೇ ಇದಕ್ಕೆ ಕಾರಣವಾಗಿತ್ತು. ಕಂಪೆನಿಯು ಹಣವನ್ನು ಹಿಂದಿರುಗಿಸಿತು. ಅದರ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆಯನ್ನೂ ಕೇಳಿದರು. ಆದರೂ ಮಾರಿದ ಪುಸ್ತಕವನ್ನು ಓದುಗನ ಮನೆಯಿಂದಲೇ ಹಿಂದಕ್ಕೆ ಪಡೆಯುವ ಶಕ್ತಿಯು ಅಂಗಡಿಯವನಿಗೆ ಇದೆಯೆಂಬುದು ಅಂದು ಜನರಿಗೆ ಮನದಟ್ಟಾಯಿತು.

ಪುಸ್ತಕಕ್ಕೂ ತಂತ್ರಾಂಶಕ್ಕೂ ಇರುವ ಭೇದ

ಪುಸ್ತಕವನ್ನು ಕೊಂಡವನು ಅದನ್ನು ಮರಳಿ ಮಾರಬಹುದೆಂಬ ನ್ಯಾಯಕ್ಕೂ ಒಂದು ಚರಿತ್ರೆ ಉಂಟು. ಅಮೆರಿಕದ ಒಬ್ಬ ಪ್ರಕಾಶಕರು ತಮ್ಮ ಕಾದಂಬರಿಯೊಂದರಲ್ಲಿ, ಇದನ್ನು ಒಂದು ಡಾಲರಿಗಿಂತ ಕಡಮೆ ಬೆಲೆಗೆ ಮಾರುವುದು ಹಕ್ಕಿನ ಉಲ್ಲಂಘನೆಯಾಗುತ್ತದೆಂದು ಅಚ್ಚು ಹಾಕಿಸಿದ್ದರು. ನ್ಯೂಯಾರ್ಕಿನ ಮೇಸಿ ಅಂಗಡಿಯವರು ಅದನ್ನು 89 ಸೆಂಟುಗಳಿಗೆ ಮಾರಿದರು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1908ರಲ್ಲಿ ನ್ಯಾಯಾಲಯವು ಅಂಗಡಿಯವರ ಪಕ್ಷದಲ್ಲಿ ತೀರ್ಪು ಕೊಟ್ಟಿತು. ಪ್ರತಿಯೊಂದನ್ನು ಒಮ್ಮೆ ಮಾರಿದ ಮೇಲೆ ಅದರ ಮುಂದಿನ ಮಾರಾಟವನ್ನು ಹಕ್ಕುದಾರರು ನಿಯಂತ್ರಿಸಲಾರರೆಂಬುದು ಅದರ ಸಾರಾಂಶ.

ಈ ನ್ಯಾಯವು ಕಾಗದದ ಪುಸ್ತಕಕ್ಕೆ ಚೆನ್ನಾಗಿ ಒಪ್ಪುತ್ತದೆ. ಏಕೆಂದರೆ ಪುಸ್ತಕವನ್ನು ಇನ್ನೊಬ್ಬನಿಗೆ ಕೊಟ್ಟರೆ ಕೊಟ್ಟವನ ಕೈ ಬರಿದಾಗುತ್ತದೆ. ಆದರೆ ತಂತ್ರಾಂಶವೆಂದರೆ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ದೀರ್ಘವಾದ ಸಾಲು. ಈ ಸಾಲನ್ನು ನಕಲು ಮಾಡುವುದಕ್ಕೆ ಕೆಲವು ನಿಮಿಷಗಳು ಸಾಕು. ನಕಲು ಮೂಲದಿಂದ ಎಳ್ಳಷ್ಟೂ ಭಿನ್ನವಾಗಿರುವುದಿಲ್ಲ. ಹಾಡಿನ ಕ್ಯಾಸೆಟ್ಟನ್ನು ನಕಲಿನಿಂದ ನಕಲು ಮಾಡುತ್ತ ಹೋದರೆ ಧ್ವನಿಯು ಕ್ರಮೇಣ ಮಂಕಾಗುತ್ತಿತ್ತು. ಇಲ್ಲಿ ಸಾವಿರದ ನಕಲೂ ಮೊದಲನೆಯದರಂತೆಯೇ ಇರುತ್ತದೆ. ಕೊಟ್ಟರೂ ಕ್ಷಯಿಸದ ಗುಣವನ್ನು ನಮ್ಮ ಹಿರಿಯರು ವಿದ್ಯೆಗೆ ಹೇಳಿದರು. ಈಗ ಅದು ವ್ಯಾಪಾರದ ಸರಕಿಗೂ ಬಂದಿದೆ. ವಿದ್ಯೆಗೆ ಭೂಷಣವಾದ ಈ ಗುಣವು ವ್ಯಾಪಾರಿಗೆ ಭಯವನ್ನು ಹುಟ್ಟಿಸುವುದು ಸಹಜವೇ. ಒಬ್ಬನು ಕೊಂಡು ನೂರು ಮಂದಿಗೆ ಹಂಚಿದರೆ ಆಟವನ್ನು ರಚಿಸಿದವರ ಶ್ರಮಕ್ಕೆ ಪ್ರತಿಫಲವೆಲ್ಲಿ?

ಆದುದರಿಂದ ಕಂಪೆನಿಗಳು ಎರಡು ಉಪಾಯಗಳನ್ನು ಹೂಡಿದುವು. ಒಂದು, ಕಾನೂನಿನ ಉಪಾಯ: ವಸ್ತುವನ್ನು ಮಾರದೆ, ಬಳಸುವುದಕ್ಕೆ ಪರವಾನಗಿಯನ್ನು ಮಾತ್ರ ಕೊಡುವುದು. ಎರಡು, ತಂತ್ರದ ಉಪಾಯ: ಆ ಪರವಾನಗಿಯನ್ನು ಯಂತ್ರವೇ ಪರೀಕ್ಷಿಸುವಂತೆ ಮಾಡುವುದು.

ಮುದ್ರೆಯ ಗಣಿತ

ಪರವಾನಗಿಯನ್ನು ಯಂತ್ರವು ಪರೀಕ್ಷಿಸುವುದು ಹೇಗೆ? ಹಿಂದಿನ ಕಾಲದಲ್ಲಿ ಅರಸನ ಆಜ್ಞೆಯೆಂಬುದಕ್ಕೆ ಅವನ ಮುದ್ರೆಯುಂಗುರದ ಗುರುತೇ ಸಾಕ್ಷಿಯಾಗಿತ್ತು. ಇಂದು ಆ ಉಂಗುರದ ಕೆಲಸವನ್ನು ಗಣಿತವು ಮಾಡುತ್ತದೆ. 101 ಮತ್ತು 113 ಎಂಬ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ 11413 ಎಂದು ಹೇಳುವುದು ಸುಲಭ. ಆದರೆ 11413 ಎಂಬ ಸಂಖ್ಯೆಯನ್ನು ಮಾತ್ರ ಕೊಟ್ಟು, ಇದು ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ಸ್ವಲ್ಪ ಹೆಚ್ಚು ಹೊತ್ತು ಬೇಕಾಗುವುದು. ಸಂಖ್ಯೆಗಳಲ್ಲಿ ನೂರಾರು ಅಂಕಿಗಳಿದ್ದರೆ ಇಂದಿನ ಅತಿವೇಗದ ಗಣಕಯಂತ್ರಗಳಿಗೂ ಆ ಕೆಲಸವು ಅಸಾಧ್ಯಪ್ರಾಯವಾಗುತ್ತದೆ. ಈ ತತ್ತ್ವವನ್ನು ಆಧರಿಸಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು 1978ರಲ್ಲಿ ಒಂದು ಪದ್ಧತಿಯನ್ನು ಪ್ರಕಟಿಸಿದರು. ಅದರಂತೆ ಕಂಪೆನಿಯು ಒಂದು ಗುಪ್ತಸಂಖ್ಯೆಯಿಂದ ಪರವಾನಗಿಯ ಮೇಲೆ ಮುದ್ರೆ ಹಾಕುತ್ತದೆ. ಅದಕ್ಕೆ ಜೋಡಿಯಾದ ಬಹಿರಂಗ ಸಂಖ್ಯೆಯಿಂದ ಆ ಮುದ್ರೆಯು ನಿಜವೇ ಎಂಬುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಆದರೆ ಹೊಸ ಮುದ್ರೆಯನ್ನು ಸೃಷ್ಟಿಸಲು ಬೇರೆಯವರಿಂದ ಆಗದು. ಇಂತಹ ಮುದ್ರೆಗಳಿಗೆ ಈಗ ಬೇರೆ ಪದ್ಧತಿಗಳೂ ಬಳಕೆಯಲ್ಲಿವೆ. ತತ್ತ್ವವು ಮಾತ್ರ ಇದೇ ಬಗೆಯದು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಮುಖ್ಯವಾಗಿ ಗಮನಿಸಬೇಕು. ಮುದ್ರೆಯನ್ನು ಪರೀಕ್ಷಿಸುವುದಕ್ಕೆ ಕಂಪೆನಿಯ ಸರ್ವರು ಬೇಕಾಗಿಯೇ ಇಲ್ಲ. ಬಹಿರಂಗ ಸಂಖ್ಯೆಯು ಆಟಗಾರನ ಯಂತ್ರದಲ್ಲಿದ್ದರೆ ಸಾಕು. 'ಈ ಪರವಾನಗಿಯು ಶಾಶ್ವತವಾದುದು' ಎಂದು ಬರೆದು ಮುದ್ರೆ ಹಾಕಿದರೆ, ಕಂಪೆನಿಯು ಮುಚ್ಚಿಹೋದ ಐವತ್ತು ವರ್ಷಗಳ ಮೇಲೂ ಆಟವು ನಡೆಯಬಲ್ಲುದು. 'ಇದು ಇಂದಿಗೆ ಮಾತ್ರ' ಎಂದು ಬರೆದರೆ ಪ್ರತಿದಿನವೂ ಹೊಸ ಮುದ್ರೆಗಾಗಿ ಸರ್ವರಿನ ಬಾಗಿಲಿಗೆ ಹೋಗಬೇಕಾಗುತ್ತದೆ. ಅವಧಿಯನ್ನು ಗೊತ್ತುಮಾಡುವುದು ಗಣಿತವಲ್ಲ, ಕಂಪೆನಿ.

ಸರ್ವರು ನಿಜವಾಗಿಯೂ ಅಗತ್ಯವೆ?

ಹಲವರು ಕೂಡಿ ಆಡುವ ಆಟಕ್ಕೆ ಒಬ್ಬ ತೀರ್ಪುಗಾರನು ಬೇಕು. ಯಾರ ಕಾರು ಮೊದಲು ಗೆರೆ ದಾಟಿತು, ಯಾರಾದರೂ ಮೋಸ ಮಾಡಿದರೆ ಎಂಬುದನ್ನು ಸರ್ವರು ನಿರ್ಣಯಿಸುತ್ತದೆ. ಆಟಗಾರರ ಅಂಕಗಳನ್ನು ಜೋಪಾನ ಮಾಡುವುದೂ, ಸಮಬಲರನ್ನು ಒಟ್ಟುಗೂಡಿಸುವುದೂ ಅದರ ಕೆಲಸವೇ. ಆದರೆ ಆಟದ ಚಿತ್ರಗಳನ್ನು ಕ್ಷಣಕ್ಷಣಕ್ಕೂ ರಚಿಸುವ ಕೆಲಸ ಯಾರದು?

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ವೇಗದಲ್ಲಿ ಚಲಿಸುತ್ತದೆ. ಸರ್ವರು 5000 ಕಿಲೋಮೀಟರು ದೂರದಲ್ಲಿದ್ದರೆ ಸಂದೇಶವು ಹೋಗಿಬರುವುದಕ್ಕೆ ಕನಿಷ್ಠ ಪಕ್ಷ 50 ಮಿಲಿಸೆಕೆಂಡುಗಳಾದರೂ ಬೇಕು; ದಾರಿಯಲ್ಲಿನ ಯಂತ್ರಗಳ ವಿಳಂಬವು ಬೇರೆ. ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುವ ಆಟದಲ್ಲಿ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವಣ ಕಾಲವು 17 ಮಿಲಿಸೆಕೆಂಡುಗಳಿಗಿಂತ ಕಡಮೆ. ಪ್ರತಿಯೊಂದು ಚಿತ್ರಕ್ಕೂ ಸರ್ವರಿನ ಅಪ್ಪಣೆಯನ್ನು ಕಾಯುತ್ತ ಕುಳಿತರೆ, ಆಟಗಾರನು ಚಕ್ರವನ್ನು ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ಕಾರು ತಿರುಗಿದಂತಾಗುವುದು. ಆದುದರಿಂದ ಕಾರಿನ ವೇಗ, ತಿರುವು, ಘರ್ಷಣೆ ಮುಂತಾದವುಗಳ ಲೆಕ್ಕವನ್ನು ಸಾಮಾನ್ಯವಾಗಿ ಆಟಗಾರನ ಯಂತ್ರವೇ ಮಾಡುತ್ತದೆ. ಸರ್ವರು ಅನಂತರ ತಿದ್ದುತ್ತದೆ. ಅಂದರೆ ಇಂತಹ ಆಟದ ಬಹುಭಾಗವು ಕೊಂಡವನ ಮನೆಯಲ್ಲಿಯೇ ಇದೆ.

ಇದಕ್ಕೆ ಭಿನ್ನವಾದ ವ್ಯವಸ್ಥೆಯೂ ಉಂಟು. ಗೂಗಲ್ ಕಂಪೆನಿಯ 'ಸ್ಟೇಡಿಯಾ' ಎಂಬ ಸೇವೆಯಲ್ಲಿ ಆಟವು ಕಂಪೆನಿಯ ಯಂತ್ರದಲ್ಲಿಯೇ ನಡೆದು, ಚಿತ್ರಗಳು ಮಾತ್ರ ಮನೆಗೆ ಬರುತ್ತಿದ್ದುವು. ಅದನ್ನು 2023ರ ಜನವರಿ 18ರಂದು ಮುಚ್ಚಿದಾಗ ಮನೆಯಲ್ಲಿ ಉಳಿದುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಆದರೆ ಆಟಗಳಿಗಾಗಿ ಗ್ರಾಹಕರು ತೆತ್ತಿದ್ದ ಹಣವನ್ನು ಕಂಪೆನಿಯು ಹಿಂದಿರುಗಿಸಿತು.

ಕಂಪೆನಿಗಳ ಪಕ್ಷ

ನ್ಯಾಯವಾಗಿ ವಿಚಾರ ಮಾಡುವವರು ಎದುರು ಪಕ್ಷದ ಮಾತನ್ನೂ ಕೇಳಬೇಕು. ಸರ್ವರುಗಳಿಗೆ ವಿದ್ಯುಚ್ಛಕ್ತಿ ಬೇಕು, ನೋಡಿಕೊಳ್ಳುವ ಜನ ಬೇಕು, ಭದ್ರತೆಯ ಏರ್ಪಾಡು ಬೇಕು. ಬೆರಳೆಣಿಕೆಯ ಆಟಗಾರರಿಗಾಗಿ ಇವುಗಳನ್ನು ಎಂದೆಂದಿಗೂ ನಡೆಸಬೇಕೆಂದರೆ ಯಾವ ಕಂಪೆನಿಯೂ ಉಳಿಯಲಾರದು. ಮೇಲಾಗಿ, ಆಟದಲ್ಲಿ ಬರುವ ಸಂಗೀತ, ನಿಜವಾದ ಕಾರುಗಳ ಹೆಸರು ಮತ್ತು ಆಕೃತಿ, ಇವುಗಳಿಗೆ ಕಂಪೆನಿಯು ಬೇರೆಯವರಿಂದ ನಿಯತಕಾಲದ ಒಪ್ಪಿಗೆಯನ್ನು ಪಡೆದಿರುತ್ತದೆ. ಅವಧಿ ಮುಗಿದ ಮೇಲೆ ಹೊಸ ಪ್ರತಿಗಳನ್ನು ಮಾರುವುದಕ್ಕೆ ಅಡ್ಡಿಯುಂಟಾಗಬಹುದು. ಈ ಮಾತುಗಳು ಸುಳ್ಳಲ್ಲ. ಆದರೆ ಇವು ಸರ್ವರನ್ನು ನಿಲ್ಲಿಸುವುದಕ್ಕೂ ಮಾರಾಟವನ್ನು ನಿಲ್ಲಿಸುವುದಕ್ಕೂ ಸಮಾಧಾನವಾದಾವೇ ಹೊರತು, ಹಿಂದೆ ಮಾರಿದ ಪ್ರತಿಯು ಒಬ್ಬನೇ ಆಡುವವನಿಗೂ ನಿರುಪಯೋಗವಾಗಬೇಕೆಂಬುದಕ್ಕೆ ಸಮಾಧಾನವಾಗಲಾರವು.

ಬೇರೆ ದಾರಿಗಳಿವೆಯೆಂಬುದಕ್ಕೆ ಹಳೆಯ ನಿದರ್ಶನವೇ ಇದೆ. ಅಮೆರಿಕದ ಐಡಿ ಸಾಫ್ಟ್‌ವೇರ್ ಕಂಪೆನಿಯು 1993ರ ಡಿಸೆಂಬರಿನಲ್ಲಿ 'ಡೂಮ್' ಎಂಬ ಆಟವನ್ನು ಹೊರತಂದು, ನಾಲ್ಕು ವರ್ಷಗಳ ಅನಂತರ ಅದರ ಮೂಲ ಕ್ರಮವಿಧಿಯನ್ನು ಬಹಿರಂಗಪಡಿಸಿತು. ಚಿತ್ರ ಮತ್ತು ಧ್ವನಿಗಳ ಹಕ್ಕನ್ನು ತನ್ನಲ್ಲಿಯೇ ಉಳಿಸಿಕೊಂಡಿತು. ಆಸಕ್ತರು ಆ ಕ್ರಮವಿಧಿಯನ್ನು ಹೊಸ ಹೊಸ ಯಂತ್ರಗಳಿಗೆ ಹೊಂದಿಸುತ್ತ ಬಂದುದರಿಂದ ಆಟವು ಇಂದಿಗೂ ಜೀವಂತವಾಗಿದೆ. ಕಂಪೆನಿಯ ಮಾರಾಟವೂ ನಿಂತಿಲ್ಲ. 'ದಿ ಕ್ರೂ' ಆಟದ ವಿಷಯದಲ್ಲಿ ಪ್ರತಿಭಟನೆಯು ಎದ್ದ ಮೇಲೆ ಯೂಬಿಸಾಫ್ಟ್ ಕಂಪೆನಿಯೂ, ಅದೇ ಸಾಲಿನ ಮುಂದಿನ ಎರಡು ಆಟಗಳನ್ನು ಸಂಪರ್ಕವಿಲ್ಲದೆ ಆಡುವಂತೆ ಮಾಡುವುದಾಗಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಮನಸ್ಸಿದ್ದರೆ ಮಾರ್ಗವಿದೆಯೆಂದು ಇದರಿಂದ ತಿಳಿಯಬಹುದು.

ಹೆಸರಿಗೆ ತಕ್ಕ ವ್ಯವಹಾರ

ನಮ್ಮ ನಾಡಿನಲ್ಲಿ ಮನೆ, ಹೊಲಗಳ ವ್ಯವಹಾರಕ್ಕೆ ಸ್ಪಷ್ಟವಾದ ಹೆಸರುಗಳಿವೆ. ಕ್ರಯಕ್ಕೆ ಕೊಂಡರೆ ವಸ್ತು ನಮ್ಮದು. ಭೋಗ್ಯಕ್ಕೆ ಹಾಕಿಕೊಂಡರೆ ಗೊತ್ತಾದ ಅವಧಿಯವರೆಗೆ ಅನುಭವಿಸಿ, ಬಿಡುವಾಗ ಕೊಟ್ಟ ಹಣವನ್ನು ಹಿಂದಕ್ಕೆ ಪಡೆಯುತ್ತೇವೆ. ಬಾಡಿಗೆಗೆ ಹಿಡಿದರೆ ಇದ್ದಷ್ಟು ತಿಂಗಳಿಗೆ ಮಾತ್ರ ತೆರುತ್ತೇವೆ. ಆಟದ ಪರವಾನಗಿಯನ್ನು ಈ ಮೂರರಲ್ಲಿ ಯಾವುದರೊಡನೆ ಹೋಲಿಸೋಣ? ಬೆಲೆಯು ಕ್ರಯದಂತೆ ಒಟ್ಟಾಗಿ ಸಲ್ಲುತ್ತದೆ, ಆದರೆ ಒಡೆತನವಿಲ್ಲ. ಭೋಗ್ಯದಂತೆ ಒಂದು ದಿನ ಬಿಡಬೇಕು. ಆದರೆ ಅವಧಿಯು ಗೊತ್ತಿಲ್ಲ, ಹಣವೂ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಆಕ್ಷೇಪಣೆಗೆ ಎಡೆಯಿರುವುದು ಇಲ್ಲಿಯೇ. ಕಂಪೆನಿಯು ಪರವಾನಗಿಯನ್ನು ಕೊಡುವುದು ತಪ್ಪಲ್ಲ. ಪರವಾನಗಿಯನ್ನು ಕೊಟ್ಟು 'ಮಾರಾಟ'ವೆಂದು ಕರೆಯುವುದು ತಪ್ಪು.

ಶಾಸನಗಳು ಈ ವಿಷಯಕ್ಕೆ ಈಗ ಕಣ್ತೆರೆಯುತ್ತಿವೆ. ಬಳಕೆಯ ಹಕ್ಕನ್ನು ಕಾಲಮಿತಿಯಿಲ್ಲದೆ ಒಂದು ಬೆಲೆಗೆ ಕೊಟ್ಟರೆ ಅದು ಮಾರಾಟವೇ ಆಗುತ್ತದೆಂದೂ, ಕೊಂಡವನು ತನ್ನ ಪ್ರತಿಯನ್ನು ಉಳಿಸಿಕೊಳ್ಳದೆ ಇನ್ನೊಬ್ಬನಿಗೆ ಮಾರಬಹುದೆಂದೂ ಯುರೋಪಿನ ಒಕ್ಕೂಟದ ನ್ಯಾಯಾಲಯವು 2012ರಲ್ಲಿ ಒಂದು ತಂತ್ರಾಂಶದ ವ್ಯಾಜ್ಯದಲ್ಲಿ ತೀರ್ಮಾನಿಸಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಶಾಸನದಂತೆ, ಇಂತಹ ಪರವಾನಗಿಯನ್ನು ಅದು ಪರವಾನಗಿಯೆಂದು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿರಿ' ಎಂಬ ಮಾತಿನಿಂದ ಮಾರುವಂತಿಲ್ಲ. ಮಾರಿದ ಆಟಗಳನ್ನು ನಿರುಪಯೋಗಗೊಳಿಸಬಾರದೆಂದು ಯುರೋಪಿನ ಪ್ರಜೆಗಳು ಸಲ್ಲಿಸಿದ ಮನವಿಗೆ 2025ರ ಜುಲೈ ಅಂತ್ಯದೊಳಗೆ 10 ಲಕ್ಷಕ್ಕಿಂತ ಹೆಚ್ಚು ಮಂದಿ ಸಹಿ ಹಾಕಿದರು. ಭಾರತದ ಕೃತಿಸ್ವಾಮ್ಯ ಶಾಸನವು 1957ರದು. 1984ರ ತಿದ್ದುಪಡಿಯಿಂದ ಗಣಕಯಂತ್ರದ ಕ್ರಮವಿಧಿಗಳು ಅದರಲ್ಲಿ ಸಾಹಿತ್ಯಕೃತಿಗಳ ಗುಂಪಿಗೆ ಸೇರಿದುವು. ನ್ಯಾಯವಾಗಿ ಪ್ರತಿಯನ್ನು ಹೊಂದಿರುವವನು ಅದು ನಷ್ಟವಾದೀತೆಂಬ ಮುನ್ನೆಚ್ಚರಿಕೆಗಾಗಿ ಕಾಪುಪ್ರತಿಯನ್ನು ಮಾಡಿಕೊಳ್ಳಬಹುದೆಂದು ನಮ್ಮ ಶಾಸನದಲ್ಲಿದೆ. ಆದರೆ ಸರ್ವರಿಲ್ಲದೆ ನಡೆಯದ ಆಟಕ್ಕೆ ಕಾಪುಪ್ರತಿಯಿದ್ದು ಏನು ಪ್ರಯೋಜನ?

ಇದು ಕೇವಲ ಆಟದ ಮಾತೆಂದು ಹಿರಿಯರು ತಳ್ಳಿಹಾಕಬಾರದು. ಅಮೆರಿಕದಲ್ಲಿ 2010ಕ್ಕೆ ಮುಂಚೆ ಹೊರಬಂದ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರುಕಟ್ಟೆಯಲ್ಲಿ ದೊರೆಯುತ್ತಿಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತಿಳಿಸಿತು. ಚಿತ್ರ, ಸಂಗೀತ, ಕಥೆ, ಗಣಿತ ಇವುಗಳೆಲ್ಲ ಸೇರಿದ ಈ ಕಲೆಯ ಚರಿತ್ರೆಯು ಹೀಗೆಯೇ ಕಣ್ಮರೆಯಾಗುತ್ತಿದೆ. ಮುಂದೆ ಪಾಠಪುಸ್ತಕಗಳೂ, ಮನೆಯ ಉಪಕರಣಗಳೂ ದೂರದ ಸರ್ವರನ್ನೇ ನಂಬಿ ನಡೆಯುವಂತಾದರೆ ಇದೇ ಪ್ರಶ್ನೆಯು ಅವುಗಳಿಗೂ ಬರುವುದು.

ವಿದ್ಯಾರ್ಥಿಗಳು ಆಟವನ್ನಾಗಲಿ ತಂತ್ರಾಂಶವನ್ನಾಗಲಿ ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಅಂತರಜಾಲದ ಸಂಪರ್ಕವಿಲ್ಲದೆ ಇದು ನಡೆಯುವುದೆ? ಇದರ ಪೂರ್ಣ ಪ್ರತಿಯನ್ನು ನನ್ನಲ್ಲಿ ಇಟ್ಟುಕೊಳ್ಳಬಹುದೆ? ಸೇವೆಯನ್ನು ನಿಲ್ಲಿಸುವ ದಿನ ಏನಾಗುವುದೆಂದು ಕಂಪೆನಿಯು ತಿಳಿಸಿದೆಯೆ? ಮೂರಕ್ಕೂ ಉತ್ತರವು 'ಇಲ್ಲ' ಎಂದಾದರೆ ಕೊಳ್ಳಬಾರದೆಂದಲ್ಲ. ಕೊಡುವ ಹಣವು ಕ್ರಯವಲ್ಲ, ಬಾಡಿಗೆಯೆಂದು ತಿಳಿದು, ಬಾಡಿಗೆಗೆ ತಕ್ಕಷ್ಟೇ ಬೆಲೆ ಕೊಡುವುದು ವಿವೇಕ.